ಊರಿಗೆ ಹೋದವರ ಕಪಾಟು

"ಅದಕ್ಕೆ ಕೈ ಹಾಕ್ಬೇಡಿ ಅಕ್ಕಾ," ಎಂದ ಗೋಂದು. ಅಷ್ಟರಲ್ಲಿ ನಾನು ಕೈ ಹಾಕಿಯಾಗಿತ್ತು.

ಮೂರನೆಯ ಕಪಾಟಿನ ಕೆಳಗಿನ ಅರೆಯಲ್ಲಿ, ಎರಡು ಫೈಲುಗಳ ನಡುವೆ ಬೆರಳಗಲದ ಸಂದು. ಆ ಸಂದಿನಲ್ಲಿ ಒಂದು ಗುಲಾಬಿ ಚೀಟಿ ನಿಂತಿತ್ತು. ಫೈಲು ಹೊರಗೆ ಹೋದರೆ ಅದರ ಜಾಗದಲ್ಲಿ ಇಂಥ ಚೀಟಿ ಇಡಬೇಕು. ಯಾರು ಒಯ್ದರು, ಯಾವ ದಿನ ಒಯ್ದರು ಅಂತ ಅದರಲ್ಲಿ ಬರೆದಿರಬೇಕು. ಈ ಪದ್ಧತಿ ತಂದವಳು ನಾನೇ. ಇಪ್ಪತ್ತೊಂಬತ್ತು ವರ್ಷ ಈ ಕೋಣೆಯ ಧೂಳು ಕುಡಿದಿದ್ದೇನೆ. ನಿವೃತ್ತಿಯ ದಿನ ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಅದು ಆರೇ ತಿಂಗಳಿಗೆ ನಿಂತುಹೋಯಿತು.

ಕಚೇರಿಯ ಗಡಿಯಾರ ಮಾತ್ರ ಓಡುತ್ತಿತ್ತು. ಒಂದೂ ಮುಕ್ಕಾಲು.

ನನ್ನ ಮಹಡಿ ಕೋಣೆಯಲ್ಲಿ ಬಾಡಿಗೆಗಿರುವ ವಿದೇಶಿ ಹುಡುಗಿಗೆ ಮೊನ್ನೆ ಎರಡೇ ಸಾಲಿನ ಪತ್ರ ಬಂದಿತ್ತು: ಭದ್ರತೆಯ ಕಾರಣದಿಂದ ವಿದ್ಯಾರ್ಥಿ ವೀಸಾ ರದ್ದಾಗಿದೆ, ಇಂದು ಸಂಜೆ ಐದಕ್ಕೆ ಸಾಮಾನು ಸಮೇತ ವಿಮಾನ ನಿಲ್ದಾಣದಲ್ಲಿ ಹಾಜರಾಗಬೇಕು. ನಾಲ್ಕು ಗಂಟೆಗೆ ಇಲ್ಲಿಂದ ದೇಶದ ಹೊರಗೆ ಕಳಿಸಬೇಕಾದವರ ಅಂತಿಮ ಪಟ್ಟಿ ಮೇಲಿನ ಮಹಡಿಗೆ ಹೋಗುತ್ತದೆ. ಅದಕ್ಕೆ ಮುಂಚೆ ಅವಳ ಹೆಸರಿನ ಮೇಲಿರುವ ಅನುಮಾನದ ಕೆಂಪು ಚೀಟಿ ಕಿತ್ತರೆ ಅವಳು ಉಳಿಯುತ್ತಾಳೆ. ಇಲ್ಲದಿದ್ದರೆ ನಾಲ್ಕು ವರ್ಷದ ಓದು ನೀರುಪಾಲು.

ನೀರೇ ಅವಳ ಓದು ಕೂಡ. ಕುಡಿಯುವ ನೀರಿನ ಕೊಳವೆಗಳ ಒಳಗೆ ಬೆಳೆಯುವ ಲೋಳೆಯನ್ನು ಕೆರೆದು ತಂದು ಗಾಜಿನ ತಟ್ಟೆಯಲ್ಲಿಟ್ಟು ಸಾಕುತ್ತಾಳೆ. ಮನೆಯಲ್ಲಿ ನಾವಿಟ್ಟ ಹೆಸರು ಪಾಚಿ. ಮೊದಲ ವಾರ ಮುಖ ಊದಿಸಿಕೊಂಡಿದ್ದಳು. ಎರಡನೆಯ ವಾರ ಫೋನ್ ಎತ್ತಿ ತಾನೇ "ಪಾಚಿ ಮಾತಾಡ್ತಿದೀನಿ" ಅಂದಳು. ನನ್ನನ್ನು ದೊಡ್ಡಮ್ಮ ಅನ್ನುತ್ತಾಳೆ, ನನ್ನ ತಂಗಿಯನ್ನು ಚಿಕ್ಕಮ್ಮ. ಹೆತ್ತವರು ಯಾರೋ, ಕರುಳಿನ ಸಂಕಟ ಮಾತ್ರ ನನ್ನದು.

ಪಾಚಿಯ ಫೈಲಿನ ಜಾಗದಲ್ಲಿದ್ದ ಗುಲಾಬಿ ಚೀಟಿಯನ್ನು ಬೆಳಕಿಗೆ ಹಿಡಿದೆ. ಒಯ್ದವನು ಗೋಂದು. ದಿನ, ಏಳು ವಾರದ ಹಿಂದಿನ ಶುಕ್ರವಾರ.

"ಶುಕ್ರವಾರ," ಅಂದೆ ನಾನು.

ಗೋಂದು ಕಪಾಟಿನ ಬಾಗಿಲು ಮುಚ್ಚಲು ಕೈ ನೀಡಿದ. ಇಪ್ಪತ್ತು ವರ್ಷದಿಂದ ಅರ್ಜಿಗಳಿಗೆ ಫೋಟೋ ಅಂಟಿಸಿ ಅಂಟಿಸಿ ಅವನ ಬೆರಳ ತುದಿಗಳು ಸದಾ ಹೊಳೆಯುತ್ತವೆ. ಅದಕ್ಕೇ ಆ ಹೆಸರು. ಸುಳ್ಳು ಹೇಳುವಾಗ ಹೆಬ್ಬೆರಳಿನ ಗೋಂದು ಕೆರೆಯುವುದು ಅವನ ಚಾಳಿ. ಈಗ ಕೆರೆಯುತ್ತಿದ್ದ.

"ಆ ವಾರ ಪಟ್ಟಿ ಖಾಲಿ ಇತ್ತೇನೋ?"

"ಇತ್ತು ಅಂತ ಇಟ್ಕೊಳಿ."

ನನ್ನ ಎದೆಯ ಮೇಲಿನ ಕಲ್ಲು ಅರ್ಧ ಇಳಿಯಿತು. ಏನಾಗಿರಬೇಕೆಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲು ಸಾಧ್ಯವಿರಲಿಲ್ಲ. ಅದು ನಾನೇ ಹೆತ್ತ ಕೂಸು.

ವಿದೇಶಿ ವಿದ್ಯಾರ್ಥಿಗಳನ್ನು ಜಾಲಾಡುವ ಈ ವಿಭಾಗ ಪ್ರತಿ ಶುಕ್ರವಾರ ಅನುಮಾನಾಸ್ಪದರ ಪಟ್ಟಿ ಕೊಡಬೇಕು. ಇಪ್ಪತ್ತೆರಡು ವರ್ಷದ ಹಿಂದೆ ಒಂದು ವಾರ ಯಾರ ಮೇಲೂ ಅನುಮಾನ ಬರಲಿಲ್ಲ. ಖಾಲಿ ಪಟ್ಟಿ ಕಳಿಸಿದೆವು. "ಕಣ್ಣು ಮುಚ್ಕೊಂಡು ಕೂತಿದ್ರಾ?" ಅಂತ ಮೇಲಿನಿಂದ ಬೈಗುಳ ಬಂತು. ಮುಂದಿನ ಖಾಲಿ ವಾರ ನನಗೊಂದು ಉಪಾಯ ಹೊಳೆಯಿತು. ಓದು ಮುಗಿಸಿ ತಮ್ಮ ದೇಶಕ್ಕೆ ಮರಳಿದವರ ಫೈಲುಗಳು ಈ ಮೂರನೆಯ ಕಪಾಟಿನಲ್ಲಿರುತ್ತವೆ. ಅದರಿಂದ ಒಂದನ್ನು ಎಳೆದು, "ನಡವಳಿಕೆ ಪರಿಶೀಲಿಸುವುದು ಸೂಕ್ತ" ಅಂತ ಬರೆದು, ಕೆಂಪು ಚೀಟಿ ಅಂಟಿಸಿದೆ. ಮುಂದಿನ ವಾರ "ಸದರಿಯವರು ದೇಶ ಬಿಟ್ಟಿದ್ದಾರೆ" ಅಂತ ಬರೆದು ಚೀಟಿ ಕಿತ್ತೆ. ಮೇಲಿನವರು ಖುಷಿ, ಯಾರಿಗೂ ನಷ್ಟವಿಲ್ಲ.

ಅಂಥ ಫೈಲಿಗೆ ನಾವಿಟ್ಟ ಹೆಸರು ಆಪದ್ಬಾಂಧವ. "ಅಕ್ಕಾ, ಈ ವಾರ ಆಪದ್ಬಾಂಧವ ಯಾರು?" ಅಂತ ಕೇಳಿ ಕೇಳಿ ನಗುತ್ತಿದ್ದೆವು. ನಾನು ರಜೆ ಹಾಕಿದರೆ ಕೆಲಸ ನಿಲ್ಲಬಾರದಲ್ಲ, ವರ್ಷದ ಮೊದಲ ವಾರವೇ ಐವತ್ತೆರಡು ಚೀಟಿಗೂ ರುಜು ಹಾಕಿ ಕಟ್ಟಿಡುತ್ತಿದ್ದೆ. ಖಾಲಿ ಕಾಗದಕ್ಕೆ ರುಜು ಹಾಕುವುದು ನಮಗೆ ಕೆಮ್ಮಿದಷ್ಟು ಸಲೀಸಾಗಿತ್ತು.

ಪಾಚಿ ಹೋದ ವರ್ಷ ತಂದೆ ತೀರಿಕೊಂಡರೆಂದು ನಾಲ್ಕು ತಿಂಗಳು ಊರಿಗೆ ಹೋಗಿದ್ದಳು. ಕಾಲೇಜಿನವರು "ಹೊರಟುಹೋದರು" ಅಂತ ಬರೆದರು, ಫೈಲು ಈ ಕಪಾಟಿಗೆ ಬಂತು. ಅವಳು ಮರಳಿ ಬಂದಳು, ಫೈಲು ಮರಳಲಿಲ್ಲ. ಖಾಲಿ ಶುಕ್ರವಾರ ಗೋಂದು ಕೈ ಹಾಕಿದ್ದಕ್ಕೆ ಅವಳೇ ಸಿಕ್ಕಳು. ಬದುಕಿರುವವರನ್ನು ಸತ್ತವರ ಲೆಕ್ಕಕ್ಕೆ ಸೇರಿಸಿದ ಹಾಗೆ.

ಎರಡು ದಿನದಿಂದ ಯಾರ್ಯಾರ ಮೇಲೋ ಅನುಮಾನ ಪಟ್ಟಿದ್ದೆ. ಪಾಚಿಯ ಗೈಡಿನ ಮೇಲೆ ಮೊದಲು; ಅವಳು ಬರೆದ ಲೇಖನದಲ್ಲಿ ತನ್ನ ಹೆಸರು ಮುಂದೆ ಹಾಕಲಿಲ್ಲವೆಂದು ಆತ ಮೂರು ತಿಂಗಳಿಂದ ಹಲ್ಲು ಮಸೆಯುತ್ತಿದ್ದ. ಆಮೇಲೆ ಪ್ರಯೋಗಾಲಯದ ಬೇರೆ ಹುಡುಗರ ಮೇಲೆ. ಅಲ್ಲಿ ಖಾಲಿಯಾಗುವ ಒಂದೇ ಒಂದು ಖಾಯಂ ಹುದ್ದೆಗೆ ಆಯ್ಕೆ ಪಟ್ಟಿಯಲ್ಲಿ ಮೊದಲ ಹೆಸರು ಪಾಚಿಯದು. ಎರಡನೆಯದು ನನ್ನ ತಂಗಿಯ ಮಗಳದು, ಅದು ಮನೆಯ ಮಗು. ಮೂರನೆಯವನು, ನಾಲ್ಕನೆಯವನು ಯಾರೆಂದು ವಿಚಾರಿಸಿಕೊಂಡು ಬಂದಿದ್ದೆ. ಎಲ್ಲ ವ್ಯರ್ಥ. ಇದು ಬರೀ ಕಚೇರಿಯ ಎಡವಟ್ಟು.

"ನಡಿ, ನಿಮ್ಮ ಸಾಹೇಬ್ರ ಹತ್ರ," ಅಂದೆ. "ಎರಡು ಸಾಲು ಬರೆದ್ರೆ ಮುಗೀತು."

ಗೋಂದು ಅಲುಗಾಡಲಿಲ್ಲ. ನನ್ನನ್ನು ನೋಡಿದ ರೀತಿ ವಿಚಿತ್ರವಾಗಿತ್ತು. ಬೆಳಿಗ್ಗೆಯಿಂದ ಅವನು ನನ್ನ ಮುಖ ನೋಡುತ್ತಲೇ ಇರಲಿಲ್ಲ. ಈಗ ನೋಡಿದ್ದು ಅಸಹ್ಯದಿಂದ.

"ಅಕ್ಕಾ, ನೀವು ನಿಜವಾಗ್ಲೂ ಅಲ್ಲಿಗೆ ಹೋಗ್ತೀರಾ?"

"ಹೋಗ್ದೆ? ಇಲ್ಲೇ ಕೂತು ಜಿರಳೆ ಎಣಿಸ್ಲಾ?"

"ನಿಮ್ಮಿಷ್ಟ," ಎಂದು ದಾರಿ ಬಿಟ್ಟ.

* * *

ವಿಭಾಗದ ಮುಖ್ಯಸ್ಥನನ್ನು ಎಲ್ಲರೂ ಇಸ್ತ್ರಿ ಅನ್ನುತ್ತಾರೆ. ಅಂಗಿಯಲ್ಲೂ ಮಾತಿನಲ್ಲೂ ಒಂದು ಸುಕ್ಕಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಹಿಂದೆ ಹಿಂದೆಯೇ ಸುತ್ತಿ "ಅಕ್ಕಾ, ಅಕ್ಕಾ" ಅಂತ ಫೈಲು ಕಟ್ಟುವುದನ್ನು ಕಲಿತವನು. ಈಗ ಮೇಡಂ ಅನ್ನುತ್ತಾನೆ. ಅವನಿಗಾಗಿ ಮುಕ್ಕಾಲು ಗಂಟೆ ಬೆಂಚಿನ ಮೇಲೆ ಕಾದೆ. ಕೈಚೀಲದಲ್ಲಿ ತಂಗಿ ಬೆಳಿಗ್ಗೆ ಬರೆದುಕೊಟ್ಟ ಪಟ್ಟಿ ಇತ್ತು: ಪಾಸ್‌ಪೋರ್ಟ್ ನಕಲು, ಕಾಲೇಜಿನ ಪತ್ರ, ಬಾಡಿಗೆ ಕರಾರು. ಎಲ್ಲ ತಂದಿದ್ದೆನೋ ಇಲ್ಲವೋ ಎಂದು ಮತ್ತೊಮ್ಮೆ ನೋಡಿದೆ.

ಸಾಲುಗಳೆಲ್ಲ ಮಸಿ ಎಳೆದಂತೆ ಉಜ್ಜಿಹೋಗಿದ್ದವು. ತಂಗಿ ಎಡಗೈಯವಳು, ಬರೆಯುತ್ತ ಹೋದಂತೆ ಹಸಿ ಶಾಯಿಯ ಮೇಲೆ ಅವಳ ಅಂಗೈಯೇ ಹರಿಯುತ್ತದೆ. ಅವಳ ಮಗಳಿಗೂ ಅದೇ ಕೈ. ಚಿಕ್ಕಂದಿನಲ್ಲಿ ಬಲಗೈಯಲ್ಲಿ ಬರಿ ಅಂತ ಅಪ್ಪ ತಂಗಿಗೆ ಹೊಡೆಯಲು ಬಂದಾಗ ನಡುವೆ ನಿಂತು ಏಟು ತಿಂದವಳು ನಾನು. ಗಂಡ ಹೋದ ಮೇಲೆ ಮಗಳನ್ನು ಕರೆದುಕೊಂಡು ನನ್ನ ಮನೆಗೇ ಬಂದಳು. ನನಗೂ ಬೇರೆ ಯಾರೂ ಇರಲಿಲ್ಲ.

"ಬನ್ನಿ ಮೇಡಂ," ಎಂದ ಇಸ್ತ್ರಿ. "ನಿವೃತ್ತಿ ಆದವ್ರು ದಾಖಲೆ ಕೋಣೆಗೆ ಹೋಗೋ ಹಾಗಿಲ್ಲ."

"ಹೋಗಿ ಬಂದಾಯ್ತಲ್ಲ, ಇನ್ನೇನು ಮಾಡ್ತೀಯಪ್ಪಾ? ಕೂತ್ಕೊಳ್ಲಾ, ನಿಂತೇ ಹೇಳ್ಲಾ?"

ಕೂತು ಎಲ್ಲ ಹೇಳಿದೆ. ಖಾಲಿ ಶುಕ್ರವಾರ, ತಪ್ಪು ಕಪಾಟು, ಮರಳಿ ಬಂದ ಹುಡುಗಿ. ಅವನು ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದ.

"ಆಪದ್ಬಾಂಧವದ ವಿಷ್ಯ ನನಗೇ ಹೇಳ್ಕೊಡ್ತೀರಾ?" ಎಂದ ಕೊನೆಗೆ. "ನಾನು ಈ ಕುರ್ಚಿಗೆ ಬಂದ ಮೊದಲ ವರ್ಷವೇ ಅದನ್ನ ನಿಲ್ಸಿದೀನಿ. ಯಾಕೆ ಗೊತ್ತಾ?"

"ಯಾಕೆ?"

"ನಿಮ್ಮ ಕಾಲದ ಚೀಟಿಗಳ ಮೇಲೆ ಒಂದು ಪರಿಶೀಲನೆ ಮಾಡ್ಸಿದೆ. ನೀವು ಕೆಂಪು ಅಂಟಿಸಿದವ್ರಲ್ಲಿ ಹನ್ನೊಂದು ಜನ ಮುಂದೆ ಓದೋಕೆ ಮತ್ತೆ ಅರ್ಜಿ ಹಾಕಿದ್ರು. ಹನ್ನೊಂದೂ ತಿರಸ್ಕಾರ. ಚೀಟಿ ಕಿತ್ರೂ ಗುರುತು ಕಂಪ್ಯೂಟರಲ್ಲಿ ಉಳಿಯುತ್ತೆ ಮೇಡಂ."

"ನನಗ್ಯಾರೂ ಹೇಳ್ಲಿಲ್ಲ."

"ನೀವ್ಯಾರೂ ಕೇಳ್ಲಿಲ್ಲ."

ಹನ್ನೊಂದು ಜನ. ಒಬ್ಬರ ಮುಖವೂ ನೆನಪಿಲ್ಲ, ನೆನಪಿರಲು ನೋಡಿದ್ದಾದರೂ ಎಲ್ಲಿ? ಆ ಹನ್ನೊಂದು ಮನೆಗಳಲ್ಲಿ ಯಾರೋ ಎರಡು ಸಾಲಿನ ಪತ್ರ ಓದಿರುತ್ತಾರೆ, ಮೊನ್ನೆ ನಾವು ಓದಿದ ಹಾಗೆ. ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು. ಆದರೆ ಅದಕ್ಕೂ ಪುರುಸೊತ್ತಿರಲಿಲ್ಲ, ಗಡಿಯಾರ ಎರಡೂ ಮುಕ್ಕಾಲು ತೋರಿಸುತ್ತಿತ್ತು.

"ಆಪದ್ಬಾಂಧವ ಅಲ್ಲ ಅಂದ್ರೆ ಈ ಹುಡುಗಿ ಮೇಲೆ ಚೀಟಿ ಹೇಗೆ ಬಿತ್ತು?"

"ವರದಿ ಬಂತು. ಆ ವಾರದ ಮಂಗಳವಾರ ಬಂತು. ಶುಕ್ರವಾರ ಫೈಲು ತೆಗೆಸ್ದೆ."

"ಯಾರ ವರದಿ?"

"ಹೇಳೋ ಹಾಗಿಲ್ಲ."

"ಏನಂತ ವರದಿ? ಅದನ್ನಾದ್ರೂ ಹೇಳ್ಬಹುದಲ್ಲ? ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ಬೇಡ."

ಇಸ್ತ್ರಿ ಫೈಲು ಬಿಚ್ಚಿ, ಒಂದು ಹಾಳೆಯ ಮೇಲರ್ಧವನ್ನು ಅಂಗೈಯಿಂದ ಮುಚ್ಚಿಕೊಂಡು ಓದಿದ. "ಸದರಿ ವಿದ್ಯಾರ್ಥಿನಿಯು ನಗರದ ಎಲ್ಲ ನೀರಿನ ತೊಟ್ಟಿ ಮತ್ತು ಮುಖ್ಯ ಕವಾಟಗಳ ನಕ್ಷೆಯನ್ನು ತನ್ನ ಕೋಣೆಯ ಬಟ್ಟೆ ಬೀರುವಿನ ಬಾಗಿಲ ಒಳಮೈಗೆ ಅಂಟಿಸಿ ಬಚ್ಚಿಟ್ಟಿರುತ್ತಾಳೆ. ನೀಲಿ ಪೆನ್ಸಿಲ್ಲಿನಲ್ಲಿ ಒಂಬತ್ತು ಕಡೆ ಗುರುತು ಮಾಡಿರುತ್ತಾಳೆ."

ಹಾಳೆಯ ಕಡೆ ಬಗ್ಗಿದೆ, ಅವನ ಅಂಗೈ ಸರಿಯಲಿಲ್ಲ.

ನಕ್ಷೆ ಇರುವುದು ನಿಜ. ಅದರಲ್ಲಿ ಗುಟ್ಟೇನಿಲ್ಲ. ಲೋಳೆ ಕೆರೆದು ತರುವ ಒಂಬತ್ತು ಜಾಗ ಅವು. ನಕ್ಷೆ ಕೊಟ್ಟಿದ್ದು ನೀರು ಸರಬರಾಜು ಇಲಾಖೆಯೇ, ಹಿಂಬದಿಯಲ್ಲಿ ಅದರ ಅನುಮತಿಯ ಮೊಹರಿದೆ. ಗೋಡೆಗೆ ಅಂಟಿಸಿದರೆ ಸುಣ್ಣ ಕಿತ್ತು ಬರುತ್ತದೆಂದು ನಾನೇ ಬೈದಿದ್ದಕ್ಕೆ ಬೀರುವಿನ ಬಾಗಿಲಿಗೆ ಅಂಟಿಸಿಕೊಂಡಿದ್ದಳು.

ಆದರೆ ಆ ಕೋಣೆಗೆ ಗೈಡು ಬಂದಿಲ್ಲ. ಪ್ರಯೋಗಾಲಯದ ಹುಡುಗರು ಬಂದಿಲ್ಲ. ಪೊಲೀಸರೂ ಬಂದಿಲ್ಲ. ಬೀರು ತೆರೆದಾಗಷ್ಟೇ ಕಾಣುವ ನಕ್ಷೆ, ಅದರ ಮೇಲಿನ ಗುರುತು ಎಣಿಸುವಷ್ಟು ಹೊತ್ತು ಅಲ್ಲಿ ನಿಂತವರು ಯಾರು?

"ನಕ್ಷೆಗೆ ಅನುಮತಿ ಇದೆ," ಅಂದೆ. "ಹಿಂದುಗಡೆ ಮೊಹರಿದೆ."

"ಹಾಗಾದ್ರೆ ತಂದು ತೋರ್ಸಿ. ನಾಲ್ಕರೊಳಗೆ ಮೊಹರಿರೋ ಮೂಲ ನಕ್ಷೆ ಈ ಮೇಜಿನ ಮೇಲೆ ಬಂದ್ರೆ ಚೀಟಿ ಈಗ್ಲೇ ಕೀಳ್ತೀನಿ. ಆ ಇಲಾಖೆಯವ್ರನ್ನ ಕೇಳಿದ್ರೆ ಅವರ ಪ್ರತಿ ಹುಡುಕೋಕೆ ಎಂಟು ದಿನ ಬೇಕಂತೆ, ಆಗ್ಲೇ ಫೋನ್ ಮಾಡಿದೀನಿ."

ಅವನು ಫೋನ್ ಮಾಡಿದ್ದ. ಇಸ್ತ್ರಿಯ ಮೇಲೆ ಮೊದಲ ಸಲ ಒಂದಿಷ್ಟು ಗೌರವ ಬಂತು.

"ವರದಿ ಕೊಟ್ಟವ್ರು ಯಾರಪ್ಪಾ?"

ಅವನು ನನ್ನ ಹೆಗಲ ಮೇಲಿಂದ ಗೋಂದುವನ್ನು ನೋಡಿದ. ಗೋಂದು ಬಾಗಿಲಲ್ಲೇ ನಿಂತಿದ್ದ. ಅವನ ತಾಳ್ಮೆಯ ಕಟ್ಟೆ ಒಡೆಯಿತು.

"ನಾಟಕ ಸಾಕು ಅಕ್ಕಾ! ಮನೇಲಿಟ್ಕೊಂಡು ಅನ್ನ ಹಾಕಿದ ಕೈಲೇ ಬರೆದು ಕೊಟ್ಟು, ಈಗ ಬಂದು ಕಣ್ಣೀರು ಹಾಕ್ತೀರಲ್ಲ. ನಿಮ್ಮನ್ನ ದೇವ್ರು ಅಂದ್ಕೊಂಡಿದ್ದೆ ನಾನು."

ಇಸ್ತ್ರಿ ಅಂಗೈ ತೆಗೆದ.

ಹಾಳೆ ನಾನು ಬಲ್ಲದ್ದೇ. ವಿದೇಶಿ ಬಾಡಿಗೆದಾರರಿರುವ ಮನೆಯ ಮಾಲೀಕರು ಮೂರು ತಿಂಗಳಿಗೊಮ್ಮೆ ಕಳಿಸಬೇಕಾದ ನಮೂನೆ. ಚೌಕಕ್ಕೊಂದು ಅಕ್ಷರದಂತೆ ತುಂಬಿಸಬೇಕಾದ್ದರಿಂದ ಯಾರು ಬರೆದರೂ ಒಂದೇ ಥರ ಕಾಣುತ್ತದೆ. ಕೆಳಗೆ ರುಜು ಇತ್ತು. ಅದು ನನ್ನದು. ಕಳ್ಳ ರುಜು ಅಲ್ಲ, ಖಂಡಿತ ನನ್ನದೇ.

ವರ್ಷದ ಮೊದಲ ವಾರ ನಾಲ್ಕು ನಮೂನೆಗೂ ಒಟ್ಟಿಗೆ ರುಜು ಹಾಕಿ ಊಟದ ಮೇಜಿನ ಡ್ರಾಯರಿನಲ್ಲಿಡುತ್ತೇನೆ. ಕಚೇರಿಯ ಚಟ. ತಂಗಿ ತುಂಬಿಸಿ ಅಂಚೆಗೆ ಹಾಕುತ್ತಾಳೆ. "ಯಾವುದೇ ದೂರಿಲ್ಲ" ಅಂತ ಪ್ರತಿ ಸಲ ಒಂದೇ ಸಾಲು. ಓದಿ ನೋಡುವುದಕ್ಕೇನಿದೆ ಅದರಲ್ಲಿ?

ಹಾಳೆಯನ್ನು ಕಿಟಕಿಯ ಕಡೆ ತಿರುಗಿಸಿದೆ. ಚೌಕಗಳ ಮೇಲೆಲ್ಲ ನೀಲಿ ಮಸಿ ಹರಡಿತ್ತು. ಪ್ರತಿ ಸಾಲಿನ ಮೇಲೂ ಒಂದು ಅಂಗೈ ಹರಿದುಹೋಗಿತ್ತು.

ಕೈಚೀಲದಿಂದ ತಂಗಿಯ ಪಟ್ಟಿ ತೆಗೆದು ಅದರ ಪಕ್ಕಕ್ಕಿಟ್ಟೆ. ಏನೂ ಹೇಳಬೇಕಾಗಲಿಲ್ಲ. ಗೋಂದು ಹತ್ತಿರ ಬಂದು ಬಗ್ಗಿ ನೋಡಿದ, ಹಿಂದೆ ಸರಿದ.

"ನಾನು ಏನೇನೋ ಅಂದ್ಬಿಟ್ಟೆ ಅಕ್ಕಾ."

"ಅಂದಿದ್ದು ಸರಿಯಾಗೇ ಇದೆ. ಕೈ ನನ್ನದಲ್ಲ, ಮನೆ ನನ್ನದೇ."

ತಂಗಿಯ ಮಗಳಿಗೆ ಆಯ್ಕೆ ಪಟ್ಟಿಯಲ್ಲಿ ಎರಡನೆಯ ಸ್ಥಾನ. ಮೊದಲ ಸ್ಥಾನದವಳು ವಿಮಾನ ಹತ್ತಿದರೆ ಹುದ್ದೆ ಮಗಳದು. ಇಷ್ಟು ಸರಳ ಲೆಕ್ಕ ಎರಡು ದಿನದಿಂದ ನನ್ನ ಮೂಗಿನ ಕೆಳಗೇ ಇತ್ತು. ನಾನು ಊರೆಲ್ಲ ಮೂಗು ತೂರಿಸಿಕೊಂಡು ಓಡಾಡಿದ್ದೆ. ಅಪ್ಪನ ಏಟು ತಡೆದು ಉಳಿಸಿದ್ದು ಈ ಕೈಯನ್ನೇ?

"ಇನ್ನೊಂದು ದಾರಿ ಇದೆ," ಎಂದ ಇಸ್ತ್ರಿ. ಈಗ ಅವನ ಮಾತಿನಲ್ಲೂ ಒಂದು ಸುಕ್ಕು ಕಂಡಿತು. "ಮಾಲೀಕರು ವರದಿ ಸುಳ್ಳು ಅಂತ ಬರೆದುಕೊಟ್ರೆ ಚೀಟಿ ಬಿದ್ದುಹೋಗುತ್ತೆ. ಆದ್ರೆ ಬರೆದವ್ರು ಯಾರು ಅಂತ ಹೆಸರು ಕೊಡ್ಬೇಕು. ಭದ್ರತೆ ವಿಷ್ಯದಲ್ಲಿ ಸುಳ್ಳು ವರದಿ ಅಂದ್ರೆ ಮೂರು ವರ್ಷ ಜೈಲು. ನಿಮಗೂ ಗೊತ್ತು. ನಕ್ಷೆ ತರಿಸ್ಬಿಡಿ ಅಕ್ಕಾ, ಯಾರ ಹೆಸರೂ ಬೇಡ."

ಅಕ್ಕ ಅಂದ. ಎಷ್ಟೋ ವರ್ಷದ ಮೇಲೆ.

ಮೂರೂ ಹತ್ತು. ಮನೆಯಿಂದ ಇಲ್ಲಿಗೆ ಆಟೋದಲ್ಲಿ ಇಪ್ಪತ್ತು ನಿಮಿಷ. ಅವನ ಮೇಜಿನ ಫೋನಿನಿಂದಲೇ ಮನೆಗೆ ಮಾಡಿದೆ. ಪಾಚಿ ಎತ್ತಿದಳು.

"ಪಾಚಿ, ಬೀರು ಬಾಗಿಲಲ್ಲಿರೋ ನಕ್ಷೆ ಕಿತ್ಕೊಂಡು ಈಗ್ಲೇ ಆಟೋ ಹತ್ತು. ಹರೀಬೇಡ, ಹಿಂದಿನ ಮೊಹರು ಮುಖ್ಯ."

"ನಕ್ಷೆ ಇಲ್ಲ ದೊಡ್ಡಮ್ಮ."

"ಇಲ್ಲ ಅಂದ್ರೆ?"

"ಈಗಷ್ಟೇ ಚಿಕ್ಕಮ್ಮ ಬೀರು ಖಾಲಿ ಮಾಡಿದ್ರು. ವಿಮಾನ ನಿಲ್ದಾಣದಲ್ಲಿ ಯಾರಾದ್ರೂ ಚೀಲ ಹುಡುಕಿದ್ರೆ ನಕ್ಷೆ ನೋಡಿ ನನ್ನ ಹಿಡ್ಕೋತಾರೆ ಅಂತ ಒಲೆ ಮೇಲೆ ಸುಟ್ರು. ನನಗೋಸ್ಕರ ಅಳ್ತಾ ಇದ್ದಾರೆ ದೊಡ್ಡಮ್ಮ, ಪಾಪ."

ಹುಡುಗಿಗೆ ಇನ್ನೂ ಆ ಪಾಪ ಯಾರದೆಂದು ಗೊತ್ತಿಲ್ಲ.

"ಚಿಕ್ಕಮ್ಮನ ಕೈಗೆ ಫೋನ್ ಕೊಡು. ನೀನು ಆಚೆ ಹೋಗು."

ತಂಗಿಯ ಉಸಿರು ಕೇಳಿತು. ಬಾಗಿಲು ಮುಚ್ಚಿದ ಸದ್ದೂ ಕೇಳಿತು.

"ನಮೂನೆ ನೋಡ್ದೆ," ಅಂದೆ. "ಎಡಗೈ ನೋಡ್ದೆ. ನೀನು ಮನುಷ್ಯಳೇನೇ?"

ಅವಳು ತಡವರಿಸಲಿಲ್ಲ. ಈ ಮಾತಿಗಾಗಿ ಕಾದು ಕೂತಿದ್ದವಳಂತೆ ಹೇಳಿದಳು.

"ನಾನೂ ಮೊನ್ನೆ ಪತ್ರ ಬಂದ ಮೇಲೇ ನೋಡಿದ್ದು ಅಕ್ಕಾ. ಡ್ರಾಯರ್‌ನಲ್ಲಿ ಒಂದು ನಮೂನೆ ಕಡಿಮೆ ಇತ್ತು. ಈ ಸಲ ತುಂಬಿಸಿದ್ದು ನಾನಲ್ಲ." ದನಿ ತಗ್ಗಿಸಿದಳು. "ಎಡಗೈ ಈ ಮನೇಲಿ ನನ್ನೊಬ್ಬಳದೇನಾ?"

ಮನೆಯ ಮಗು. ತಂಗಿಯ ಮಗಳು. ಪಾಚಿಯನ್ನು ಕೈ ಹಿಡಿದು ನಮ್ಮ ಮನೆಗೆ ಕರೆತಂದವಳು, ಅವಳ ಬೀರುವಿನಿಂದಲೇ ಬಟ್ಟೆ ತೆಗೆದು ಹಾಕಿಕೊಳ್ಳುವವಳು. ಬೆಳಿಗ್ಗೆ ನಾನು ಹೊರಡುವಾಗ "ಹೇಗಾದ್ರೂ ಮಾಡಿ ಉಳಿಸ್ಕೊಂಡು ಬಾ ದೊಡ್ಡಮ್ಮ" ಅಂತ ನನ್ನ ಕತ್ತಿಗೆ ಬಿದ್ದು ಅತ್ತವಳು.

"ನೀನು ಹೆಸರು ಬರಿಯೋದಾದ್ರೆ ನನ್ನ ಹೆಸರು ಬರಿ," ಎಂದಳು ತಂಗಿ. "ಮೂರು ವರ್ಷ ನಾನಿರ್ತೀನಿ ಒಳಗೆ. ನಕ್ಷೆ ಅದಕ್ಕೇ ಸುಟ್ಟೆ. ಮಗಳ ಬೆರಳಿನ ಗುರುತು ಅದರ ಮೇಲೂ ಇರ್ತಿತ್ತು. ನೀನು ನನಗೋಸ್ಕರ ಏಟು ತಿಂದಿಲ್ವಾ? ನಾನು ನನ್ನ ಮಗಳಿಗೋಸ್ಕರ ತಿಂತೀನಿ, ಬಿಡು."

ಇಸ್ತ್ರಿ ನನ್ನ ಮುಂದೆ ಬಿಳಿ ಹಾಳೆ ಸರಿಸಿದ್ದ. ಮೇಲೆ ಪೆನ್ನು, ಮುಚ್ಚಳ ತೆಗೆದೇ ಇತ್ತು. ಇಪ್ಪತ್ತೊಂಬತ್ತು ವರ್ಷದಲ್ಲಿ ಈ ಕಟ್ಟಡದಲ್ಲಿ ನಾನು ಎಷ್ಟೋ ಸುಳ್ಳುಗಳಿಗೆ ಓದದೇ ರುಜು ಹಾಕಿದ್ದೇನೆ. ತಂಗಿಯ ಹೆಸರು ಬರೆದರೆ ಅದು ನಾನು ಮುಖ ಬಲ್ಲವರ ಮೇಲೆ, ತಿಳಿದು ಬರೆಯುವ ಮೊದಲ ಸುಳ್ಳು. ಮಗುವಿನ ಹೆಸರು ಬರೆದರೆ ತಂಗಿ ನನ್ನ ಪಾಲಿಗೆ ಸತ್ತಳು. ಏನೂ ಬರೆಯದಿದ್ದರೆ ಹನ್ನೆರಡನೆಯವಳು ಪಾಚಿ.

ಫೋನಿನಲ್ಲಿ ಏನೋ ಸದ್ದಾಯಿತು. ಮತ್ತೆ ಪಾಚಿಯ ದನಿ, ನಡುಗುತ್ತಿದ್ದರೂ ನಗಲು ನೋಡುತ್ತಿತ್ತು.

"ದೊಡ್ಡಮ್ಮ, ಚಿಕ್ಕಮ್ಮ ಏನೂ ಹೇಳ್ತಿಲ್ಲ. ಆಟೋದವನು ಬಾಗಿಲಲ್ಲಿ ಕಾಯ್ತಿದಾನೆ. ನಾನೀಗ ಚೀಲ ಕಟ್ಲಾ, ಬಿಚ್ಲಾ?"